ಪ್ರೇಮಕುಮಾರಿಯೊಬ್ಬಳನ್ನು ಬಿಟ್ಟು

ಚನ್ನರಾಯಪಟ್ಟಣ
ಕ್ಷಮಾವಾಣಿಯ ಮರುದಿನ

ಮಗಳು ಸಮತಾಗೆ,

ಅಮ್ಮನ ಜಯ ಜಿನೇಂದ್ರ. ಮುಂಬೈ ಸೇರಿದ್ದು, ಹೊಸ ಕೆಲಸಕ್ಕೆ ಹೋಗಲು ಶುರು ಮಾಡಿದ್ದು ನಿನ್ನ ಮೆಸೇಜಿನಿಂದ ತಿಳಿಯಿತು. ಈಗ ಬರೆಯುತ್ತಿರುವುದನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹೊಸ ಕೆಲಸದವರು ಕೊಟ್ಟ ಫೋನಿನಲ್ಲಿ ಆಡಿದ್ದೆಲ್ಲ ದಾಖಲಾಗುತ್ತದೆ ಎಂದು ನೀನೇ ಹೆದರಿಸಿ ಹೋಗಿದ್ದೀಯ. ಅದೂ ಅಲ್ಲದೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀಯ. ಊರ ಮಕ್ಕಳ ಬಾಯಿ ಮುಚ್ಚಿಸಿ ರಿಟೈರ್ ಆದ ಟೀಚರಿಗೆ ಸ್ವಂತ ಮಗಳ ಬಾಯಿ ಮುಚ್ಚಿಸಲು ಆಗಲಿಲ್ಲ ನೋಡು.

ನಿಜ ಹೇಳಲಾ? ಸುಸ್ತಾಗಿದೆ ಕಣೇ. ದಶಲಕ್ಷಣ ಪರ್ವದ ಒಂದೇ ಹೊತ್ತಿನ ಊಟದಿಂದಲ್ಲ, ಅದು ಅಭ್ಯಾಸವಾಗಿ ಹೋಗಿದೆ. ನೀನು ಹೇಳಿ ಹೋದ ಆ ಒಂದು ಮಾತನ್ನು ಹೊತ್ತು ಹೊತ್ತು ಸಾಕಾಗಿದೆ.

ನಿನ್ನ ಹಳೆಯ ಕೆಲಸ ನನಗೆ ಅರ್ಥವಾಗುತ್ತಿತ್ತು. ಪ್ರೈವೇಟ್ ಇಕ್ವಿಟಿ ಎಂದರೆ ಬಡಕಲು ಹಸುವಿನಲ್ಲಿ ಪಾಲು ಹಾಕಿ, ನಾಲ್ಕಾರು ವರ್ಷ ಮೇಯಿಸಿ, ಮೈ ತುಂಬಿದ ಮೇಲೆ ಮಾರುವುದು ಎಂದು ನಿಮ್ಮ ತಂದೆ ಪಾತ್ರೆ ಅಂಗಡಿಗೆ ಬಂದವರಿಗೆಲ್ಲ ವಿವರಿಸುತ್ತಿದ್ದರು. ಹೊಳೆನರಸೀಪುರ ರಸ್ತೆಯ ಕೊಬ್ಬರಿ ಪುಡಿ ಕಾರ್ಖಾನೆಗೆ ನಿಮ್ಮ ಆಫೀಸಿನವರು ಪಾಲು ಹಾಕಿದಾಗ ನೀನು ತಿಂಗಳು ತಿಂಗಳು ಬರುತ್ತಿದ್ದೆ, ನಮಗೂ ಖುಷಿ. ಅದು ಶೇರು ಪೇಟೆಗೆ ಬಂದಾಗ ಬೀದಿಯವರೆಲ್ಲ 'ನಮ್ ಸಮತಾ ಕಂಪ್ನಿ ಕಣ್ರೀ' ಎಂದು ಮಂಜುನಾಥನ ಕಂಪ್ಯೂಟರ್ ಅಂಗಡಿಗೆ ಮುಗಿಬಿದ್ದು ಶೇರು ಹಾಕಿಸಿಕೊಂಡರು. ಬೆಲೆ ಏರಿದಾಗ ನಿಮ್ಮವರೂ ಮಾರಿದರು, ಬೀದಿಯವರೂ ಮಾರಿ ಮಹಡಿ ಕಟ್ಟಿಸಿಕೊಂಡರು. ಇಟ್ಟುಕೊಂಡವರು ಇಬ್ಬರೇ. ನಿನ್ನನ್ನು ಹೆತ್ತವಳೆಂದು ನಾನು, ನಿನ್ನನ್ನು ನಂಬಿದವಳೆಂದು ಪಕ್ಕದ ಮನೆ ಪ್ರೇಮಕುಮಾರಿ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಹೊಲಿದು ಕೂಡಿಟ್ಟದ್ದನ್ನೆಲ್ಲ ಅದರಲ್ಲೇ ಹಾಕಿದ್ದಾಳೆ, ಪಾಪ. ಬರುವ ವರ್ಷ ಮಗಳು ಅನುಶ್ರೀಯನ್ನು ಹಾಸನದಲ್ಲಿ ನರ್ಸಿಂಗ್‌ಗೆ ಸೇರಿಸಬೇಕು ಎಂದು.

ಆ ಕೆಲಸ ನಿನಗೆ ಯಾಕೆ ಬೇಡವಾಯಿತೆಂದೂ ಗೊತ್ತು. ಕಾರ್ಖಾನೆಯಲ್ಲಿ ಆಳು ಕಡಿಮೆ ಮಾಡಿಸಿದ ವರ್ಷ ಅರಕಲಗೂಡಿನ ಮದುವೆಯಲ್ಲಿ ಯಾರೋ ಹೆಂಗಸು ಊಟದ ಪಂಕ್ತಿಯಲ್ಲೇ ನಿನ್ನ ಕೈ ಹಿಡಿದು, 'ನಮ್ ಯಜಮಾನ್ರುನ್ನ ಒಬ್ರುನ್ನ ಉಳಿಸ್ಕಳವ್ವ' ಎಂದು ಅತ್ತಳಲ್ಲ. ನೀನು ಅರ್ಧ ಊಟಕ್ಕೇ ಎದ್ದುಬಿಟ್ಟೆ. ಆಮೇಲೆ ಯಾರ ಮದುವೆಗೂ ಬರಲಿಲ್ಲ. ಹಾಗಾಗಿ, ಹೊಸ ಕಡೆ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಎದುರಿಗೆ ಕಂಪ್ಯೂಟರ್ ಮಾತ್ರ ಎಂದು ನೀನು ಹೇಳಿದಾಗ ಬೈಯಲು ಮನಸ್ಸು ಬರಲಿಲ್ಲ. ಆದರೆ ಈ ಹೆಡ್ಜ್ ಫಂಡಿನವರು ಏರುವುದರ ಮೇಲೂ ದುಡ್ಡು ಕಟ್ಟುತ್ತಾರೆ, ಬೀಳುವುದರ ಮೇಲೂ ಕಟ್ಟುತ್ತಾರೆ, ಬಿದ್ದರೆ ಅವರಿಗೆ ಲಾಭ ಎಂದೆಯಲ್ಲ, ಅಲ್ಲಿ ನನಗೆ ತಲೆ ಕೆಟ್ಟುಹೋಯಿತು. 'ಬೀಳ್ಲಿ ಅಂತ ಕಾಯೋದೂ ಒಂದು ಕೆಲಸವೇನೇ?' ಎಂದು ನಾನು ಕೇಳಿದ್ದಕ್ಕೆ ನೀನು ಸಿಡುಕಿದೆ.

ನೀನು ಹೊರಡುವ ಹಿಂದಿನ ಸಂಜೆ, ಹೊತ್ತು ಮುಳುಗುವ ಮುಂಚಿನ ಊಟ ಮುಗಿಸಿ ಕೂತಿದ್ದಾಗ ಪ್ರೇಮಕುಮಾರಿ ಬಂದಳು. 'ಶೇರ್ನ ಇಟ್ಕಳದೋ ಮಾರದೋ, ನೀನೊಂದ್ ಮಾತೇಳವ್ವ, ನಂಗಷ್ಟೇ ಸಾಕು' ಎಂದಳು. ನೀನು, 'ನಾನೀಗ ಆ ಕಂಪನಿಯ ಪೈಕಿ ಅಲ್ಲ ಆಂಟಿ, ಏನೂ ಹೇಳುವ ಹಾಗಿಲ್ಲ' ಎಂದೆ. ಅವಳು ಅತ್ತ ಹೋದಳೋ ಇಲ್ಲವೋ ನಾನು ನಿನ್ನ ಮೇಲೆ ಹರಿಹಾಯ್ದೆ, ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು. ಆಗ ನೀನು ಬಾಗಿಲು ಹಾಕಿ, 'ಹೊಸ ಕಡೆಯವರು ದುಡ್ಡು ಕಟ್ಟಿರುವುದು ಅದೇ ಶೇರು ಬೀಳುತ್ತದೆ ಎಂದು. ಕೊನೆಯ ಸಂದರ್ಶನದಲ್ಲಿ ಗೊತ್ತಾಯಿತು. ಹೊರಗೆ ಬಾಯಿಬಿಟ್ಟರೆ ಕೆಲಸವೂ ಹೋಗುತ್ತದೆ, ಕೋರ್ಟು ಕಚೇರಿಯೂ ಆಗುತ್ತದೆ, ಸಾಕಾ ಅಮ್ಮ?' ಎಂದು ಕಿರುಚಿ, ಅತ್ತು, ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡೆ. ಕೊಟ್ಟೆ. ಮಗಳು ಅಳುತ್ತಿರುವಾಗ ಇನ್ನೇನು ಮಾಡಲಿ?

ನಿನ್ನೆ ಕ್ಷಮಾವಾಣಿಗೆ ಬಸದಿಯಲ್ಲಿ ಅಭಿಷೇಕವಾದ ಮೇಲೆ ಪ್ರತಿ ವರ್ಷದಂತೆ ಒಬ್ಬೊಬ್ಬರ ಮುಂದೆಯೂ ಕೈಮುಗಿದು ಕ್ಷಮೆ ಕೇಳುತ್ತ ಬಂದೆ. ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಕ್ಷಮಿಸಿ ಎಂದು. ಮಾತು ಬಿಟ್ಟಿದ್ದ ವಾರಗಿತ್ತಿಯ ಮುಂದೆಯೂ ಸಲೀಸಾಗಿ ಕೇಳಿದೆ. ಪ್ರೇಮಕುಮಾರಿಯ ಮುಂದೆ ಬಂದಾಗ ಕೇಳಲಾಗಲಿಲ್ಲ. ತಿಳಿದೇ ಮಾಡುತ್ತಿದ್ದೇನೆ, ನಾಳೆಯೂ ಮಾಡುವವಳೇ, ಯಾವ ಬಾಯಲ್ಲಿ ಕೇಳಲಿ? ಅವಳು ಕೈಮುಗಿದು ನಿಂತೇ ಇದ್ದಳು. ನಾನು ಕಂಡೂ ಕಾಣದವಳ ಹಾಗೆ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ. ನಾಚಿಕೆಯಾಯಿತು ಮಗು, ಇಷ್ಟು ವಯಸ್ಸಿಗೆ.

ನನ್ನ ಶೇರು ನಾನು ಮಾರುವುದಿಲ್ಲ. ಗೊತ್ತಿದ್ದವಳು ಮಾರಿದರೆ ಗೊತ್ತಿಲ್ಲದವರು ಯಾರೋ ಕೊಳ್ಳಬೇಕಲ್ಲ. ಅವರ ಮನೆಯಲ್ಲೂ ಓದುವ ಹುಡುಗಿ ಇರಬಹುದು. ಬೀಳದೆಯೂ ಇರಬಹುದು ಎಂದು ನೀನೇ ಅಂದೆ, ಅಷ್ಟೇ ನನ್ನ ಧೈರ್ಯ. ಹೊಸ ಕೆಲಸ ಬಿಡು ಎಂದೂ ಹೇಳುವುದಿಲ್ಲ. ನೀನೂ ದಣಿದಿದ್ದೀಯ, ಕಣ್ಣ ಕೆಳಗಿನ ಕಪ್ಪು ನೋಡಿಲ್ಲವೇ ನಾನು? ಆದರೆ ನೀನು ನೋಡಬೇಕಾಗಿಲ್ಲ ಎಂದ ಮುಖವನ್ನು ಇಲ್ಲಿ ನಾನು ದಿನಾ ನೋಡಬೇಕು. ಕಾಂಪೌಂಡಿನ ಆಚೆಯೇ ಬಟ್ಟೆ ಒಣಹಾಕುತ್ತಾಳೆ.

ನಾನು ಕೊಟ್ಟ ಮಾತನ್ನು ನನಗೆ ವಾಪಸು ಕೊಡುತ್ತೀಯಾ? ಕೊಟ್ಟರೆ ನಿನ್ನ ಕೆಲಸಕ್ಕೆ ಕುತ್ತು, ಕೊಡದಿದ್ದರೆ ಅವಳ ಮಗಳ ಓದಿಗೆ. ಯೋಚನೆ ಮಾಡಿ ಬರೆ. ನಿನ್ನನ್ನು ಇಂಥ ಪ್ರಶ್ನೆ ಕೇಳುತ್ತಿರುವುದಕ್ಕೆ ನಿನ್ನ ಕ್ಷಮೆಯನ್ನೂ ಈ ಕಾಗದದಲ್ಲೇ ಕೇಳಿಬಿಡುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಜಿನಮ್ಮ

ಮತ್ತೆ ಬರೆದದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಪ್ರೇಮಕುಮಾರಿಯೇ ಬಂದಳು. ಬಾಗಿಲಲ್ಲೇ ನಿಂತು, 'ನಿನ್ನೆ ಎಲ್ರುನ್ನೂ ಕ್ಷಮೆ ಕೇಳುದ್ರಿ, ನನ್ನೊಬ್ಳುನ್ನ ಬುಟ್ಬುಟ್ರಿ. ನಿಮ್ಗೆ ಗೊತ್ತಾಗೋಯ್ತು ಅಲ್ವಾ ಜಿನಮ್ಮಕ್ಕ?' ಎಂದಳು. ಕೈಯಲ್ಲಿದ್ದ ಲಕೋಟೆಯನ್ನು ಸೆರಗಿನಡಿ ಮುಚ್ಚಿಕೊಂಡೆ. ಅವಳೇ ಮುಂದುವರಿಸಿದಳು. 'ಅವತ್ತು ಸಮತಾ ಏನೂ ಹೇಳ್ನಿಲ್ವಲ್ಲ, ಯಾಕೋ ಎದ್ರುಕಂಡು ಬೆಳಗಾಗೆದ್ದು ಓಗಿ ಶೇರೆಲ್ಲಾ ಮಾರ್ಬುಟ್ಟೆ ಕಣಕ್ಕ. ನಿಮ್ ಮಗಳ್ನ ನಂಬ್ದೇ ಓದಂಗಾಯ್ತು. ತಪ್ಪಾಯ್ತು, ಕ್ಷಮಿಸ್ಬುಡಿ.' ಅವಳ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ನಾನು ಕ್ಷಮಿಸಿದೆ ಎಂದುಕೊಂಡು ಸಮಾಧಾನವಾಗಿ ಹೋದಳು. ನಿನ್ನ ಕ್ಷಮೆಯನ್ನೂ ಕೇಳಿದ್ದಾಳೆ, ನಿನಗೆ ತಪ್ಪದೆ ತಿಳಿಸಬೇಕಂತೆ. ತಿಳಿಸಿದ್ದೇನೆ.