ಅಂಚಿನಲ್ಲಿ ಬರೆದ ಸಾಲು

ಬೊಲೊನ್ಯ, ೧೨೪೩, ಅಕ್ಟೋಬರ್ ೧೦

ಇವತ್ತೂ ಮಂಜು. ಎದುರಿನ ಕಂಬಸಾಲು ಅರ್ಧವೇ ಕಾಣುತ್ತದೆ. ಅಪ್ಪನಿಗೆ ಅದೂ ಇಲ್ಲ — ಕಣ್ಣು ಹೋಗಿ ಎರಡು ವರ್ಷ. ಕಾನೂನು ಮೇಷ್ಟ್ರು, ಪಾಠ ಮಾತ್ರ ಬಿಟ್ಟಿಲ್ಲ. ನಾನು ಹಳೆಯ ರೋಮಿನ ಕಾನೂನು ಓದುತ್ತೇನೆ, ಅವರು ಅರ್ಥ ಹೇಳುತ್ತಾರೆ. ಹಾಳೆಯ ಅಂಚಿನಲ್ಲಿ ಬರೆದು ಕೊನೆಗೆ ಅವರ ಹೆಸರಿನ ಮೊದಲಕ್ಷರ ಹಾಕುತ್ತೇನೆ. ಆ ಅಕ್ಷರ ಕಂಡರೆ ನ್ಯಾಯಾಧೀಶರೂ ಒಪ್ಪುತ್ತಾರೆ.

ವಿಧವೆಯರ ಭಾಗ ಬಂದಾಗ ಅಪ್ಪನಿಗೆ ನಿದ್ದೆ ಹತ್ತಿತು. ಕಾಯುತ್ತಾ ಕೂತೆ. ಗರಿಲೇಖನಿ ಕೈಯಲ್ಲೇ ಇತ್ತು... ಒಂದು ಸಾಲು ನಾನೇ ಬರೆದೆ. ‘ಕೊನೆಗಾಲದಲ್ಲಿ ಗಂಡನ ಸೇವೆ ಮಾಡಿದವಳನ್ನು ಅವನ ಮನೆಯಿಂದ ಹೊರಹಾಕುವಂತಿಲ್ಲ.’ ಅಕ್ಷರ ಹಾಕಲಿಲ್ಲ. ನಾಳೆ ಕೆರೆದು ಅಳಿಸಬೇಕು.

ಅಕ್ಟೋಬರ್ ೧೧

ಅಳಿಸುವ ಮೊದಲೇ ಪುಸ್ತಕದಂಗಡಿಯವರು ಹಾಳೆ ಒಯ್ದರು. ಅಲ್ಲಿ ಬಿಡಿ ಕಂತೆಗಳಾಗಿ ವಿದ್ಯಾರ್ಥಿಗಳಿಗೆ ಎರವಲು ಕೊಡುತ್ತಾರೆ. ಅವರು ನಕಲು ಮಾಡಿಕೊಳ್ಳುತ್ತಾರೆ. ಅಪ್ಪನಿಗೆ ಹೇಳಲಿಲ್ಲ. ಹೇಳಬೇಕಿತ್ತು.

ಡಿಸೆಂಬರ್ ೧೯

ಕನಸು. ನನ್ನ ಸಾಲು ಹಿಮದ ಬೆಟ್ಟ ಹತ್ತುತ್ತಿತ್ತು, ಜರ್ಮನಿಯ ವಿದ್ಯಾರ್ಥಿಯ ಚೀಲದಲ್ಲಿ. ಚಳಿಯಾಗುತ್ತಿದ್ದದ್ದು ನನಗೆ.

೧೨೪೪, ಫೆಬ್ರವರಿ ೩

ಬಟ್ಟೆ ಒಗೆಯುವ ತೊಮ್ಮಸೀನಾ ಬಂದಳು. ಗಂಡ ಸತ್ತ ಮೇಲೆ ಮೈದುನರು ಅವಳನ್ನು ಮನೆಯಿಂದ ನೂಕಿದ್ದರು. ಬಂದವಳೇ ಅಪ್ಪನ ಕೈಗೆ ಮುತ್ತಿಟ್ಟಳು.

“ನಿಮ್ಮ ಸಾಲೇ ನನ್ನ ಕಾಪಾಡ್ತಿರೋದು, ಗ್ವಿದೊತ್ತೊ ಮೇಷ್ಟ್ರೇ. ವಕೀಲರು ನಕಲು ತಂದು ಓದಿದಾಗ ಆ ಮೈದುನರ ಮುಖ ನೋಡ್ಬೇಕಿತ್ತು, ಹುಳಿ ದ್ರಾಕ್ಷಿ ತಿಂದಂಗೆ!”

“ಯಾವ ಸಾಲಮ್ಮಾ?”

ಹೇಳಿದಳು, ಬಾಯಿಪಾಠ. ನನ್ನದೇ ಮಾತು, ನನಗಿಂತ ಹಳೆಯದು ಅನ್ನುವ ಹಾಗೆ ಕೇಳಿಸಿತು. ಖುಷಿಯಾಯಿತು. ಭಯವೂ ಆಯಿತು.

“ಕೊನೇಲಿ ನಿಮ್ಮ ಅಕ್ಷರ ಇಲ್ಲ ಅಂತ ಮೈದುನ್ರು ತಕರಾರು ತೆಗ್ದವ್ರೆ. ಶುಕ್ರವಾರ ನ್ಯಾಯಾಲಯದೋರು ಮೂಲ ಹಾಳೆ ನೋಡೋಕೆ ಇಲ್ಲಿಗೇ ಬರ್ತಾರಂತೆ.”



ಫೆಬ್ರವರಿ ೪

ಅಪ್ಪ ಅಂಗಡಿಯಿಂದ ಹಾಳೆ ತರಿಸಿದರು. ಚೆಸ್ಟ್‌ನಟ್ ಗಂಜಿ ಮುಟ್ಟಲಿಲ್ಲ. ಮೂವತ್ತು ವರ್ಷದಲ್ಲಿ ಇನ್ನೊಬ್ಬರ ಮಾತಿಗೆ ತಮ್ಮ ಅಕ್ಷರ ಹಾಕಿದವರಲ್ಲ. ಹಾಗೆ ಮಾಡಿದ ಗೆಳೆಯನನ್ನೇ ದೂರ ಮಾಡಿದವರು.

ಶುಕ್ರವಾರ, ಚರ್ಚಿನ ಬೆಳಗಿನ ಪೂಜೆಯ ಗಂಟೆಯಾದ ಮೇಲೆ

“ಆಲ್ದಾ, ಓದೇ.”

ಓದಿದೆ.

“ಇನ್ನೊಂದ್ಸಲ.”

ಓದಿದೆ.

“ನಾನು ಹೇಳಿದ್ದಲ್ಲ ಇದು.”

“ಅಲ್ಲ ಅಪ್ಪಾ. ನಿಮಗೆ ನಿದ್ದೆ ಹತ್ತಿತ್ತು. ನಾನೇ ಬರೆದೆ.”

“ನಿದ್ದೆ ಹತ್ತಿದ್ದೇ ಒಳ್ಳೇದಾಯ್ತು. ಎಚ್ಚರ ಇದ್ದಿದ್ರೆ ಇಷ್ಟು ಚೆನ್ನಾಗಿ ಹೇಳ್ತಿರ್ಲಿಲ್ಲ.” ನಕ್ಕರು. ಆಮೇಲೆ ಮೆಲ್ಲಗೆ, “ನಿನ್ನ ಅಕ್ಷರ ಹಾಕೋದು ನ್ಯಾಯ. ಆದ್ರೆ ಹೆಣ್ಣಿನ ಮಾತು ಅಂತ ತಳ್ಳಿಹಾಕ್ತಾರೆ. ಅವಳು ಬೀದಿಗೆ ಬೀಳ್ತಾಳೆ.”

“ನಿಮ್ಮದೇ ಹಾಕಿ.”

ಹೇಳಿಬಿಟ್ಟೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಲೇಖನಿ ಕೇಳಿದರು. ಎರಡು ವರ್ಷದಿಂದ ಮುಟ್ಟಿರಲಿಲ್ಲ. ಅವರ ಕೈಯನ್ನು ಸಾಲಿನ ಕೊನೆಗಿಟ್ಟೆ. ತಮ್ಮ ಅಕ್ಷರ ಬರೆದರು, ಸೊಟ್ಟಗೆ. ಕೈ ತೆಗೆಯಲಿಲ್ಲ. ತಡಕಾಡಿ, ಪಕ್ಕದಲ್ಲೇ, ಸಣ್ಣದಾಗಿ ಇನ್ನೊಂದು ಬರೆದರು. ನನ್ನದು.

“ಯಾರಾದ್ರೂ ಕೇಳಿದ್ರೆ?”

“ಕುರುಡನ ಕೈ ಜಾರಿತು ಅನ್ನು.”

ಕೆಳಗೆ ಬಾಗಿಲು ಬಡಿಯುತ್ತಿದ್ದಾರೆ. ಶಾಯಿ ಇನ್ನೂ ಹಸಿ. ಎರಡೂ ಅಕ್ಷರ ಒಟ್ಟಿಗೇ ಒಣಗಬೇಕು, ಅವರು ಮೆಟ್ಟಿಲು ಹತ್ತುವಷ್ಟರಲ್ಲಿ —