ಬಕೆಟ್ಟಿನ ಕೆಳಗಿನ ಗುರುತು

ಅಕ್ಕಾ,

ಕಾರ್ಡು ಚಿಕ್ಕದು, ಸುದ್ದಿ ದೊಡ್ಡದು. ಈ ಪರದೇಶದ ಒಳನಾಡಿನಲ್ಲಿ ಟೆನಿಸ್ ಕೋರ್ಟಿಗೆ ಹುತ್ತದ ಮಣ್ಣು ಪುಡಿಮಾಡಿ ಹಾಸುತ್ತಾರೆ, ಚೆಂಡು ಬಿದ್ದಲ್ಲಿ ಗುರುತು ಮೂಡುತ್ತದೆ. ಹೋದ ವರ್ಷ ಊರಿನ ಚಾಂಪಿಯನ್‌ಶಿಪ್ ಫೈನಲ್ಲಿನ ಕೊನೆಯ ಚೆಂಡು ಗೆರೆಯ ಹತ್ತಿರ ಬಿತ್ತಂತೆ. ಹೊಡೆದ ಬೇಕರಿಯ ಡಲ್ಸಿ ಒಳಗೆ ಅಂದಳು, ಎದುರಾಳಿ ಬೆರಿಲ್ ಹೊರಗೆ ಅಂದಳು. ಅಂಪೈರ್ ಅಂತ ಇಲ್ಲಿ ಯಾರೂ ಇರುವುದಿಲ್ಲ. ಊರು ಎರಡು ಪಾಲಾಯಿತು. ಯಾರೋ ಗುರುತಿನ ಮೇಲೆ ಬಕೆಟ್ ಬೋರಲು ಹಾಕಿದರು. ಅದನ್ನು ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. ಇರುವುದೊಂದೇ ಕೋರ್ಟು, ವರ್ಷದಿಂದ ಆಟವೇ ಇಲ್ಲ.

ನಿನ್ನೆ ಇಬ್ಬರೂ ಆಸ್ಪತ್ರೆಗೇ ಬಂದು ನನ್ನನ್ನು ಕೋರ್ಟಿಗೆ ಎಳೆದೊಯ್ದರು. "ಹೊಸ ನರ್ಸಮ್ಮ ಯಾರ ಕಡೆಯವಳೂ ಅಲ್ಲ, ಅವಳೇ ಹೇಳ್ಲಿ!" ಊರಿಗೆ ಊರೇ ನೆರೆದಿತ್ತು. ಬಕೆಟ್ ಎತ್ತಿದೆ. ಗುರುತೇ ಇಲ್ಲ! ಗೆದ್ದಲು ಅಲ್ಲಿ ಗೇಣುದ್ದದ ಹೊಸ ಹುತ್ತ ಕಟ್ಟಿತ್ತು.

"ಗೆದ್ದಲೂ ನಿನ್ ಕಡೆನೇ ಕಣೇ, ಸಾಕ್ಷಿನೇ ನುಂಗಿಬಿಡ್ತು" ಅಂದಳು ಡಲ್ಸಿ.

"ಬಾಯ್ಮುಚ್ಚೇ! ಅದು ಹೊರಗೇ ಬಿದ್ದಿದ್ದು, ಸಾಯೋವರ್ಗೂ ಹೇಳ್ತೀನಿ" ಅಂದ ಬೆರಿಲ್‌ಗೆ ನಗು ತಡೆಯಲಾಗಲಿಲ್ಲ. ಅವಳೇ ಹುತ್ತ ಒಡೆದು ಪುಡಿಮಾಡಿ ಹರಡಿದಳು, ಡಲ್ಸಿ ನೀರು ಚಿಮುಕಿಸಿದಳು. ಆಮೇಲೆ ಇಬ್ಬರೂ ಸೇರಿ ರೋಲರ್ ಎಳೆದರು.

ಬಿಸಿಲಿಗೆ ನನ್ನ ಮೂಗಿನ ಚರ್ಮ ಸುಲಿದಿದೆ, ಬೇರೆಲ್ಲ ಕ್ಷೇಮ. ಶನಿವಾರ ಮತ್ತೆ ಫೈನಲ್. ಈ ಸಲ ಗೆರೆ ನೋಡುವವಳು ನಾನೇ. ಆದರೂ ಎರಡೂ ಕಡೆಯ ಅಭಿಮಾನಿಗಳು ನನ್ನ ಕುರ್ಚಿಯ ಪಕ್ಕ ಆಗಲೇ ಬಕೆಟ್ ತೊಳೆದಿಟ್ಟಿದ್ದಾರೆ.

ಅವಸರದಲ್ಲಿ,
ನಿನ್ನ ಮೆರಿನ್