ವಿನಯಕ್ಕೆ ಬರೆದ ಒಂದು ‘ಬಹುದು’

ಮಾರ್ಚ್ ೧೪, ಗುರುವಾರ

ಒಂದೇ ಒಂದು ಪದ ಬೆಳಿಗ್ಗೆಯಿಂದ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿದೆ.

ಕೇಂದ್ರ ಸರ್ಕಾರದ ಕೃಷಿ ಮಸೂದೆಯ ಕರಡು ಕೈಗೆ ಬಂತು. ಮಣ್ಣು ಉಳಿಸಿಕೊಂಡು ಬೇಸಾಯ ಮಾಡುವವರಿಗಾಗಿ ನಮ್ಮ ಒಕ್ಕೂಟ ಮೂರು ವರ್ಷದಿಂದ ಕೇಳಿದ್ದೆಲ್ಲ ಅದರಲ್ಲಿದೆ. ಕೊನೆಯ ಸಾಲು ಮಾತ್ರ, “ಸರ್ಕಾರವು ಅನುದಾನ ನೀಡಬಹುದು.” ನೀಡಬಹುದು ಎಂದರೆ ನೀಡದೆಯೂ ಇರಬಹುದು!

ಮಸೂದೆ ಪರಿಶೀಲಿಸುತ್ತಿರುವ ಸಂಸದೀಯ ಸಮಿತಿಯ ಕಾರ್ಯದರ್ಶಿಗೆ ಫೋನ್ ಮಾಡಿ ಕೂಗಾಡಿದೆ. ಅವರು ತಣ್ಣಗೆ, “ಮೇಡಂ, ನಿಮ್ಮ ಮನವೀನೇ ತೆಗ್ದು ನೋಡಿ. ಒಂದಕ್ಷರಾನೂ ನಾವು ಬದಲಾಯಿಸಿಲ್ಲ” ಅಂದರು.

ನೋಡಿದೆ. ಬರೆದವಳು ನಾನೇ. ‘ನೀಡತಕ್ಕದ್ದು’ ಎಂದರೆ ಒರಟಾದೀತು, ಸ್ವಲ್ಪ ವಿನಯವಿರಲಿ ಎಂದುಕೊಂಡಿದ್ದೆ. ವಿನಯವಂತೆ, ವಿನಯ! ನನ್ನ ಕಾಲ ಮೇಲೆ ಮಾತ್ರವಲ್ಲ, ಮನವಿಯ ಕೆಳಗೆ ಸಹಿ ಹಾಕಿದ ನಾಲ್ಕು ಸಾವಿರ ರೈತರ ಕಾಲ ಮೇಲೂ ಕಲ್ಲು ಹಾಕಿದೆ. ಆಫೀಸಿನಲ್ಲಿ ಆ ಸಹಿಯ ಹಾಳೆಗಳನ್ನು ಕಿಟಕಿ ಮುಚ್ಚುವಷ್ಟು ಪೇರಿಸಿಟ್ಟಿದ್ದೇವೆ. ಇವತ್ತು ಆ ಕಡೆಗೆ ಬೆನ್ನು ಹಾಕಿಯೇ ಕೂತೆ.

ನಾಳೆ ಸಮಿತಿಯ ಮುಂದೆ ಮಾತಾಡಬೇಕಾದವಳೂ ನಾನೇ. ಆಕ್ಷೇಪ ಎತ್ತಿದರೆ ನಮ್ಮದೇ ಮನವಿಯನ್ನು ಸುಳ್ಳು ಮಾಡಿದಂತೆ. ಧನ್ಯವಾದ ಹೇಳಿದರೆ ಆ ಪದಕ್ಕೆ ಮೊಳೆ ಹೊಡೆದು ಕೂರಿಸಿದಂತೆ.

ಮೊದಲ ಸಹಿ ಅತ್ತೆಯದು. ಊಟಕ್ಕೆ ಕೂತಾಗ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ನಕ್ಕು, “ನಾನಂತೂ ಅದನ್ನ ಓದ್ಲೇ ಇಲ್ಲ ಕಣೇ. ನಮ್ ಸೊಸೆ ಬರ್ದಿದ್ದಾಳೆ ಅಂತ ಕಣ್ಮುಚ್ಚಿ ಸೈನ್ ಹಾಕ್ದೆ. ನಾಳೆ ಎಲ್ಲ ಖಾತ್ರಿ ಆಗತ್ತೆ ತಾನೆ?” ಅಂದರು.

“ಆಗಬಹುದು ಅತ್ತೆ,” ಎಂದುಬಿಟ್ಟೆ.